ಖಾಲಿ ಫೋಲ್ಡರಿನ ನಲವತ್ತು ಸದ್ದುಗಳು

ಕಂಪ್ಯೂಟರು ತಾನಾಗಿಯೇ ಏನೋ ಮಾಡಿಬಿಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಅದು ತಾನಾಗಿ ಏನನ್ನೂ ಮಾಡುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ, ಹೇಳಿದವರು ತಪ್ಪಾಗಿ ಹೇಳಿರುತ್ತಾರೆ, ಅಷ್ಟೇ. ದೆವ್ವದ ಕಥೆಯನ್ನಾದರೂ ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ, ಇಂಥ ಮಾತನ್ನು ಕೇಳುತ್ತಲೇ ಇರಲಿಲ್ಲ. ಅಂಥ ನಾನು ಈಗ ಬರೆಯಲು ಕುಳಿತಿರುವುದು ಅಂಥದೇ ಒಂದು ಸಂಗತಿ. ಇದುವರೆಗೆ ಯಾರಿಗೂ ಹೇಳಿಲ್ಲ. ಜನ ನಕ್ಕಾರು ಎಂಬ ಅಂಜಿಕೆಯಿಂದಲ್ಲ. ಇದನ್ನು ಹೇಳಬೇಕಾದರೆ ಮೊದಲು ನನ್ನ ಸಣ್ಣತನವನ್ನು ಹೇಳಬೇಕು. ನೀವು ನನ್ನನ್ನು ಬೈದುಕೊಂಡರೂ ಸರಿ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ.

ಎರಡು ವರ್ಷದ ಹಿಂದಿನ ಮಾತು. ನಾನು ಸೇಡಂನವನು. ಬೆಳಗಿನ ರೈಲುಗಾಡಿ ಹಿಡಿದು ಚಿತ್ತಾಪುರ ದಾಟಿ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗುತ್ತಿದ್ದೆ. ಅಲ್ಲಿ ಶರಣಪ್ಪ ಸಾಹುಕಾರರದು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಸುವ ಕಾರ್ಖಾನೆ. ಅದರ ಮಾಳಿಗೆಯ ಒಂದು ಕೋಣೆಯಲ್ಲಿ ನನ್ನ ಕೆಲಸ. ಕಲ್ಲಿನ ಧೂಳು ಕೀಬೋರ್ಡಿನ ಸಂದಿಗೂ ಬರುತ್ತಿತ್ತು, ಊಟದ ಡಬ್ಬಿಗೂ ಬರುತ್ತಿತ್ತು.

ಕಲ್ಲಿನ ಕಾರ್ಖಾನೆಯಲ್ಲಿ ಕಂಪ್ಯೂಟರಿನವನಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಫರಸಿಯ ಒಳಗೆ ಬಿರುಕಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಬಡಿದು, ಬರುವ ಸದ್ದು ಕೇಳಿ ಹೇಳಬೇಕು. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಒಡಕು ಕಲ್ಲು ಮಂಕಾಗಿ ಥಪ್ಪೆನ್ನುತ್ತದೆ. ಈ ಸದ್ದನ್ನು ಗುರುತಿಸಲು ಯಂತ್ರಕ್ಕೆ ಕಲಿಸಬೇಕೆಂದು ಸಾಹುಕಾರರ ಹಟ. ಬಡಿದ ಸದ್ದುಗಳನ್ನು ರೆಕಾರ್ಡ್ ಮಾಡಿ, ಗದ್ದಲ ತೆಗೆದು, ಒಂದೇ ಅಳತೆಗೆ ಕತ್ತರಿಸಿ ಕೊಟ್ಟರೆ ಮಾತ್ರ ಯಂತ್ರ ಕಲಿಯುತ್ತದೆ. ಅದಕ್ಕಾಗಿ ಕ್ಲೌಡಿನಲ್ಲಿ, ಎಂದರೆ ಎಲ್ಲೋ ದೂರದಲ್ಲಿರುವ ಬಾಡಿಗೆ ಕಂಪ್ಯೂಟರಿನಲ್ಲಿ, 'ಜಾಬ್' ಹಚ್ಚುತ್ತಿದ್ದೆವು. ಇಂಥ ಫೋಲ್ಡರಿನಿಂದ ಫೈಲು ತಗೊ, ಹೀಗೆ ಸ್ವಚ್ಛ ಮಾಡು, ಇಂಥಲ್ಲಿ ಇಡು, ಇಷ್ಟು ಹೊತ್ತಿನಲ್ಲಿ ಮುಗಿಸು ಎಂದು ಮೊದಲೇ ಬರೆದಿಟ್ಟರೆ ಅದು ಮಾಡಿ ಮುಗಿಸಿ ತಾನೇ ಆರಿಹೋಗುತ್ತದೆ. ಆ ಬರೆದಿಡುವ ವಿದ್ಯೆಯೇ ನನ್ನ ಅನ್ನ.

ನಸೀಮಾ ಎಂಬಾಕೆ ಈ ಕೆಲಸಕ್ಕೆ ಬಂದದ್ದು ಕೆಳಗಿನ ಅಂಗಳದಿಂದ. ಪಿಯುಸಿ ಓದಿದವಳು, ತಂದೆಯ ಕಾಲದಿಂದಲೂ ಕಲ್ಲಿನ ಕೆಲಸದ ಮನೆತನ. ಕಲ್ಲು ಬಡಿದು ವಿಂಗಡಿಸುವುದರಲ್ಲಿ ಅವಳ ಕಿವಿಯನ್ನು ಮೀರಿಸುವವರಿರಲಿಲ್ಲ. ಯಾವ ಸದ್ದು ಗಟ್ಟಿ, ಯಾವುದು ಒಡಕು ಎಂದು ಗುರುತು ಹಾಕಲು ಅವಳನ್ನು ಮೇಲೆ ಕರೆಸಿದ್ದು ನಾನೇ. ಮಗ್ಗುಲಲ್ಲಿ ಕುಳಿತು ನೋಡುತ್ತ ನೋಡುತ್ತ ಮೂರೇ ತಿಂಗಳಲ್ಲಿ ಜಾಬ್ ಬರೆಯುವುದನ್ನೂ ಕಲಿತುಬಿಟ್ಟಳು. ನಾನು ಬರೆದ ಒಂದು ಜಾಬ್ ಗದ್ದಲದ ಜೊತೆಗೆ ಕಲ್ಲಿನ ಸದ್ದಿನ ಬಾಲವನ್ನೂ ಕತ್ತರಿಸುತ್ತಿತ್ತು. ಅದನ್ನು ಕಂಡುಹಿಡಿದವಳೂ ಅವಳೇ.

"ನೀವು ಕಾಲೇಜಿಗಿ ಫೀ ಕಟ್ಟಿ ಕಲ್ತದ್ದು ಅಕೀ ಚಾ ಕುಡ್ಕೋತ ಕಲ್ತಾಳ ನೋಡ್ರಿ!" ಎಂದು ಸಾಹುಕಾರರು ಎಲ್ಲರ ಮುಂದೆ ನಕ್ಕರು. ನಾನೂ ನಕ್ಕೆ. ಎಂಸಿಎ ಮಾಡಿದವನು ನಾನು, ದಿನಕ್ಕೆ ನಾಲ್ಕು ಗಾಡಿ ಹತ್ತಿ ಇಳಿಯುವವನು ನಾನು, ಹೊಗಳಿಕೆ ಮಾತ್ರ ಅವಳಿಗೆ! ಮನೆಯಲ್ಲೂ ಅದನ್ನೇ ಗೊಣಗುತ್ತಿದ್ದೆನೆಂದು ಕಾಣುತ್ತದೆ. ಒಂದು ದಿನ ನನ್ನ ಹೆಂಡತಿ ರೊಟ್ಟಿ ಬಡಿಸುತ್ತ, "ತಾಟಿನ ಮುಂದ ಕುಂತರೂ ಅಕೀದೇ ಸುದ್ದಿ. ಅಕೀಗಿ ಬರ್ತದ, ಮಾಡ್ತಾಳ. ನಿಮಗ್ಯಾಕ ಇಷ್ಟ ಹೊಟ್ಟಿ ಉರೀತದ?" ಎಂದಳು. ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಅಷ್ಟರಲ್ಲಿ ಸಾಹುಕಾರರು ಚಿತ್ತಾಪುರದಲ್ಲಿ ಇನ್ನೊಂದು ಕಾರ್ಖಾನೆ ತೆಗೆಯಲು ಹೊರಟರು. ಅಲ್ಲಿ ಈ ಕೆಲಸಕ್ಕೊಬ್ಬ ಮುಖ್ಯಸ್ಥ ಬೇಕಿತ್ತು. ಅದು ನನಗೇ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಆ ಕಾರ್ಖಾನೆಯ ಪಾಲುದಾರ ಹೈದರಾಬಾದಿನಿಂದ ಕೆಲಸ ನೋಡಲು ಬರುತ್ತಾನೆ, ಅವನ ಎದುರು ಜಾಬ್ ಹಚ್ಚಿ ತೋರಿಸಬೇಕು ಎಂದಾಯಿತು. "ನಸೀಮಾ ತೋರಿಸ್ಲಿ. ಚಲೋ ತೋರಿಸಿದ್ರ ಚಿತ್ತಾಪುರ ಅಕೀಗೇ ಕೊಡಮಿ" ಎಂದರು ಸಾಹುಕಾರರು. ನನ್ನ ಕಡೆ ನೋಡಲೂ ಇಲ್ಲ.

ಅಂದು ಬೆಳಿಗ್ಗೆ ಅಂಗಳದಲ್ಲಿ ಪಾಲುದಾರನೇ ನಲವತ್ತು ಕಲ್ಲು ಆರಿಸಿ ಸೀಮೆಸುಣ್ಣದಿಂದ ಅಂಕಿ ಹಾಕಿದ. ನಸೀಮಾ ಒಂದೊಂದಾಗಿ ಬಡಿದಳು, ನಾನು ಮೈಕು ಹಿಡಿದೆ. ಹದಿನೇಳನೆಯ ಕಲ್ಲಿಗೆ ಪಾಲುದಾರನಿಗೆ ಧೂಳಿನ ಕೆಮ್ಮು ಬಂತು. ಅವಳು ಮತ್ತೆ ಬಡಿಯಲು ಹೋದಾಗ, ಇರಲಿ ಬಿಡು, ನಿಮ್ಮ ಯಂತ್ರ ಇದನ್ನು ಹೇಗೆ ತೆಗೆಯುತ್ತದೋ ನೋಡೋಣ ಎಂದ. ನಲವತ್ತೂ ಸದ್ದುಗಳನ್ನು ಅವಳು ಹೊಸ ಫೋಲ್ಡರಿಗೆ ಏರಿಸಿ, ಜಾಬ್ ಸಿದ್ಧಪಡಿಸಿಟ್ಟು, ಸಾಹುಕಾರರನ್ನೂ ಪಾಲುದಾರನನ್ನೂ ಮೇಲೆ ಕರೆತರಲು ಹೋದಳು.

ಕೋಣೆಯಲ್ಲಿ ನಾನೊಬ್ಬನೇ. ಅವಳ ಜಾಬ್ ತೆರೆದು, ಫೈಲು ತಗೊಳ್ಳಬೇಕಾದ ಜಾಗದಲ್ಲಿ ಬೇರೆ ಫೋಲ್ಡರಿನ ಹೆಸರು ಹಾಕಿ ಸೇವ್ ಮಾಡಿದೆ. ಪರೀಕ್ಷೆಗೆಂದು ನಾನೇ ಹಿಂದೆ ಮಾಡಿಟ್ಟಿದ್ದ ಖಾಲಿ ಫೋಲ್ಡರ್ ಅದು, ಹೆಸರಿನಲ್ಲಿ ಒಂದು ಅಂಕಿ ಮಾತ್ರ ಬೇರೆ. ಖಾಲಿ ಫೋಲ್ಡರ್ ಕೊಟ್ಟರೆ ಜಾಬ್ ಒಂದು ನಿಮಿಷವೂ ನಡೆಯುವುದಿಲ್ಲ, ಕೆಂಪು ಅಕ್ಷರ ತೋರಿಸಿ ನಿಲ್ಲುತ್ತದೆ. ಅವಳು ಕಂಗಾಲಾಗುತ್ತಾಳೆ, ನಾನು ಎದ್ದುಹೋಗಿ ಎರಡು ನಿಮಿಷದಲ್ಲಿ ಸರಿಮಾಡುತ್ತೇನೆ, ಓದಿದವರೇ ಬೇಕಪ್ಪ ಎಂದು ಸಾಹುಕಾರರು ಅನ್ನುತ್ತಾರೆ. ಇಷ್ಟೇ ನನ್ನ ಹಂಚಿಕೆ. ಒಂದಿಷ್ಟೂ ಹಿಂಜರಿಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಎಲ್ಲರೂ ಬಂದು ಕುಳಿತರು. ನಸೀಮಾ ಜಾಬ್ ಹಚ್ಚಿದಳು. ಒಂದು ನಿಮಿಷವಾಯಿತು, ಎರಡಾಯಿತು, ಕೆಂಪು ಅಕ್ಷರ ಬರಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಹಸಿರು ಅಕ್ಷರದಲ್ಲಿ ಮುಗಿಯಿತು ಎಂದು ಬಂತು. ಸ್ವಚ್ಛವಾದ ಸದ್ದುಗಳನ್ನು ಇಡಲೆಂದು ಅವಳು ಆ ಬೆಳಿಗ್ಗೆಯಷ್ಟೇ ಮಾಡಿದ್ದ ಬೇರೊಂದು ಫೋಲ್ಡರ್ ತೆರೆದರೆ ಒಳಗೆ ನಲವತ್ತು ಫೈಲು. ಪಾಲುದಾರ ಹದಿನೇಳನೆಯದನ್ನೇ ಕೇಳಿಸು ಎಂದ. ಕಲ್ಲಿನ ಸದ್ದು ಸ್ವಚ್ಛವಾಗಿತ್ತು. ಹಿಂದೆ ಬಹಳ ಸಣ್ಣಗೆ, ಕಿವಿಗೊಟ್ಟರಷ್ಟೇ ತಿಳಿಯುವಂತೆ, ಅವನದೇ ಕೆಮ್ಮು. ಎಲ್ಲರೂ ನಕ್ಕರು.

ಅವರು ಊಟಕ್ಕೆ ಇಳಿದಮೇಲೆ ನಾನು ಲಾಗ್ ತೆರೆದೆ. ಜಾಬ್ ಏನೇನು ಮಾಡಿತೆಂಬುದು ಅದರಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ. ಫೈಲು ತೆಗೆದುಕೊಂಡ ಜಾಗ: ನಾನು ಹಾಕಿದ್ದ ಆ ಖಾಲಿ ಫೋಲ್ಡರೇ. ಸಿಕ್ಕ ಫೈಲುಗಳು: ಸೊನ್ನೆ. ಬರೆದ ಫೈಲುಗಳು: ನಲವತ್ತು. ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಖಾಲಿ ಫೋಲ್ಡರನ್ನು ತೆರೆದೆ, ಅದು ಖಾಲಿಯೇ ಇತ್ತು. ನಾನು ಬದಲಿಸಿದ್ದನ್ನು ಯಾರಾದರೂ ತಿದ್ದಿರಬೇಕೆಂದು ಹುಡುಕಿದೆ. ಕೊನೆಯದಾಗಿ ಸೇವ್ ಮಾಡಿದವನು ನಾನೇ, ನನ್ನ ನಂತರ ಯಾರೂ ಮುಟ್ಟಿರಲಿಲ್ಲ.

ಹಿಂದೆ ಹೆಜ್ಜೆ ಸದ್ದಾಯಿತು. ನಸೀಮಾ ನನಗೆ ಊಟದ ತಾಟು ತಂದಿದ್ದಳು.

"ಸರ್, ಜಾಬ್ ಹಚ್ಚೂಕಿಂತ ಮೊದಲ ನೀವು ತೆಗೆದು ನೋಡೀರಿ ಅಲ್ರಿ? ಸೇವ್ ಮಾಡಿದವರ ಹೆಸರ ನಿಮ್ದೇ ಬಂದದ. ನಾ ಏನರೆ ತಪ್ಪ ಮಾಡಿದ್ನೇನ್ರಿ?"

ಆಗ ನಿಜ ಹೇಳಬಹುದಿತ್ತು. "ಸಣ್ಣದೊಂದು ಇತ್ತು. ಸರಿ ಮಾಡೀನಿ" ಎಂದೆ.

"ಹೇಳಿದ್ರ ಹೆದರ್ತಾಳಂತ ಸುಮ್ನ ಮಾಡೀರಿ. ಭಾಳ ಉಪಕಾರ ಆಯ್ತ್ರಿ ಸರ್" ಎಂದಳು. ಅವಳ ಕಣ್ಣು ತುಂಬಿತ್ತು. ಕೆಳಗೆ ಹೋಗಿ ಅದನ್ನೇ ಸಾಹುಕಾರರಿಗೂ ಹೇಳಿದಳು. ಅವರು ನನ್ನ ಭುಜ ತಟ್ಟಿ, "ನಿಮ್ಮ ಕೈಯಾಗ ಕಲ್ತಾಳ, ಅದಕ್ಕೇ ಚಿತ್ತಾಪುರ ಸಂಭಾಳಿಸ್ತಾಳಂತ ಧೈರ್ಯ ಬಂತು" ಎಂದರು. ಮುಂದಿನ ತಿಂಗಳು ಅವಳು ಚಿತ್ತಾಪುರಕ್ಕೆ ಹೋದಳು. ಈಗ ಅವಳ ಕೈಕೆಳಗೆ ನಾಲ್ಕು ಜನ.

ಇದನ್ನು ಕಂಪ್ಯೂಟರ್ ಬಲ್ಲವರ ಹತ್ತಿರ ಕೇಳೋಣವೆಂದರೆ ಅವರ ಮೊದಲ ಪ್ರಶ್ನೆಯೇ, ಫೋಲ್ಡರ್ ಬದಲಿಸಿದವರು ಯಾರು ಎಂದು. ಉಳಿದವರಿಗೆಲ್ಲ ಅದು ಸರಿಯಾಗಿ ನಡೆದ ಒಂದು ಜಾಬ್, ಅದರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವೆಂದು ಗೊತ್ತಿರುವುದು ಕೆಡಿಸಲು ಹೋದವನಿಗೆ ಮಾತ್ರ. ಆ ಲಾಗ್ ಒಂದು ತಿಂಗಳಿಗೆ ತಾನಾಗಿ ಅಳಿಸಿಹೋಗುವುದಿತ್ತು. ಉಳಿಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ, ಅಳಿಸಿಹೋಯಿತು.

ಆಮೇಲೆ ಎಷ್ಟೋ ಸಲ ನಾನೂ ಮಾಡಿ ನೋಡಿದ್ದೇನೆ. ಹೊಸ ಸದ್ದುಗಳನ್ನು ಒಂದು ಕಡೆ ಇಟ್ಟು, ನನ್ನ ಜಾಬಿಗೆ ಅದೇ ಖಾಲಿ ಫೋಲ್ಡರನ್ನು ಕೊಟ್ಟು ಕೈಕಟ್ಟಿ ಕಾಯುತ್ತೇನೆ. ಪ್ರತಿ ಸಲವೂ ನಿಮಿಷದೊಳಗೆ ಕೆಂಪು ಅಕ್ಷರ. ಅಂದು ನಡೆದದ್ದು ದೇವರ ಕೆಲಸವೋ, ಯಂತ್ರದ ದೋಷವೋ, ನನಗೆ ತಿಳಿಯದ ಮತ್ತೇನೋ, ಇವತ್ತಿಗೂ ಹೇಳಲಾರೆ. ನಾಚಿಕೆ ಆಗುವುದಿಲ್ಲವೇ ಎಂದು ಕೇಳಿದರೆ, ಆಗುತ್ತದೆ. ಆದರೆ ನಾಚಿಕೆಗಿಂತ ಮೊದಲು ಇನ್ನೊಂದು ಬರುತ್ತದೆ, ಅದೇ ಹಳೆಯ ಹೊಟ್ಟೆಯುರಿ. ಅಂದು ಆ ಕೆಲಸ ಮಾಡಿದ್ದು ಏನೇ ಇರಲಿ, ಅದು ಅವಳು ಕರೆಯದೆಯೇ ಅವಳಿಗಾಗಿ ಬಂತು. ನಾನು ಇಷ್ಟು ಸಲ ಕರೆದರೂ ನನಗಾಗಿ ಒಂದು ಸಲವೂ ಬರಲಿಲ್ಲ.