ದವಾಖಾನಿ ತಗದಾರೇನು?

ಭಾನುವಾರ ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು, ಅವಳ ತೊಡೆಯ ಮೇಲೆ ಜ್ವರದಿಂದ ಕಾಯುತ್ತಿದ್ದ ಮಗು. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು, “ಮಕ್ಕಳ ದವಾಖಾನಿ ಇವತ್ತ ತಗದಾರೇನು?” ಎಂದು ಕೇಳಿದಳು.

“ಕ್ಷಮಿಸಿ, ಅರ್ಥವಾಗಲಿಲ್ಲ” ಎಂದಿತು ಫೋನು. ಮೂರು ಸಲ ಕೇಳಿದರೂ ಅದೇ ಉತ್ತರ.

ಕೊನೆಗೆ ಅದನ್ನು ನನ್ನ ಮುಂದೆ ಹಿಡಿದಳು. “ನೀವ ಕೇಳ್ರಿ ಸರ. ನಿಮ್ಮ ಮಾತು ಇದಕ್ಕ ತಿಳೀತೈತಿ.”

“ಮಕ್ಕಳ ಆಸ್ಪತ್ರೆ ಇಂದು ತೆರೆದಿದೆಯೇ?” ಎಂದೆ. ಮಧ್ಯಾಹ್ನದವರೆಗೆ ತೆರೆದಿರುತ್ತದೆ ಎಂದು ತಕ್ಷಣ ಹೇಳಿತು. ಅವಳು ಉಸಿರು ಬಿಟ್ಟಳು.

“ನನ್ನ ಮಾತು ನಿನಗೆ ಹೇಗೆ ಗೊತ್ತು?” ಎಂದು ಅವಳನ್ನು ಕೇಳಿದೆ.

“ರಾರಾವಿ ಊರಾಗ ನಿಮ್ಮ ಹತ್ರಾನ ಕಲತೀನ್ರಿ. ‘ಸಾಲಿ’ ಅಂದಿದ್ದಕ್ಕ ಹೊರಗ ನಿಂದ್ರಿಸಿದ್ರಿ. ‘ಶಾಲೆ’ ಅನ್ನಾಕ ಬಾಯಿ ಹೊಳ್ಳಲಿಲ್ಲ, ಸಾಲೀನ ಬಿಟ್ಟೆ.”

ಮೇಷ್ಟರ ಕೆಲಸದಿಂದ ನಾನು ನಿವೃತ್ತನಾಗಿ ಹತ್ತು ವರ್ಷವಾಯಿತು. ಅವಳ ಕೈಯಲ್ಲಿದ್ದ ಫೋನನ್ನು ನೋಡಿದೆ. ಆ ಜಾಗ ಖಾಲಿ ಬಿದ್ದಿಲ್ಲ.