ಮುಚ್ಚಳದ ಒಳಗಿನ ಗುರುತು

ಪೂರ್ವದಲ್ಲಿ ಇನ್ನೂ ಕೆಂಪೊಡೆದಿಲ್ಲ. ಲಿಂಗಸುಗೂರಿನಲ್ಲಿ ಹಿಂದೆ ದಂಡು ಬೀಡುಬಿಟ್ಟಿದ್ದ ಹಳೆಯ ಛಾವಣಿಯ ಓಣಿಯೊಂದರಲ್ಲಿ ಹಾಜಿರಾಬೀ ತಮ್ಮ ಅಂಗಡಿಯ ಮಣ್ಣುನೆಲಕ್ಕೆ ನೀರು ಚಿಮುಕಿಸುತ್ತಿದ್ದಾರೆ. ಕಸಬರಿಗೆಯನ್ನು ಅವರು ಮುಟ್ಟುವುದಿಲ್ಲ, ಗುಡಿಸಿದರೆ ಧೂಳೇಳುತ್ತದೆ. ಸೀಗೆಪುಡಿಯಿಂದ ಕೈ ತೊಳೆದು, ಬಟ್ಟೆಗೆ ಒರೆಸದೆ ಹಾಗೆಯೇ ಆರಗೊಟ್ಟು, ಬಿದಿರಿನ ಪರದೆಯ ಹಿಂದೆ ಕುಳಿತು, ಬಲಗಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಳ್ಳುತ್ತಾರೆ.

"ಆಷಾಢದಾಗ ಹೊತ್ತೇರಿದ್ರ ಗಾಳಿ ಬಿಡತೈತಿ. ನಮ್ಮ ಎರಿಮಣ್ಣು ಜರಡಿ ಹಿಡಿದ ಹಿಟ್ಟಿದ್ದಂಗ. ಒಂದು ಕಣ ಒಳಗ ಹೋತಂದ್ರ ಘಡಿ ನಿಂತಂಗ. ಅದಕ್ಕ ನನ್ನ ಕೆಲಸ ಏನಿದ್ರೂ ಗಾಳಿ ಏಳೂದ್ರಾಗ" ಎನ್ನುತ್ತಾರೆ.

ಇಂದು ಅವರ ಮಾತು ಮೆಲ್ಲಗಿದೆ, ಕಿವಿ ಮಾತ್ರ ಓಣಿಯ ಕಡೆಗಿದೆ. ತುರ್ವಿಹಾಳದ ಮಾಲಿಪಾಟೀಲ, ಎಂದರೆ ಕಂದಾಯದ ಗೌಡ, ವಿರೂಪಾಕ್ಷಪ್ಪನವರು ಇಂದು ಬೆಳಿಗ್ಗೆ ಬರುತ್ತೇನೆಂದಿದ್ದಾರೆ. ಅವರ ಅಜ್ಜನ ಕಾಲದ ಬೆಳ್ಳಿಯ ಜೇಬುಗಡಿಯಾರ ಮುಂದಿನ ಮಣೆಯ ಮೇಲೆ, ಗಾಜಿನ ಲೋಟದಡಿಯಲ್ಲಿ, ಬಿಚ್ಚಿಕೊಂಡು ಕೂತಿದೆ. ಅದು ಅವರ ಕಣ್ಣೆದುರು ನಡೆಯಬೇಕು. ನಡೆಯದಿದ್ದರೆ ಈ ಅಂಗಡಿ ಉಳಿಯುವುದಿಲ್ಲ.

ಹಾಜಿರಾಬೀ ಅವರಿಗೆ ಈಗ ನಲವತ್ತೆಂಟು. ಅವರ ಪತಿ ಗೌಸ್‌ಸಾಬ್ ಘಡಿಸಾಜರು, ಎಂದರೆ ಗಡಿಯಾರ ರಿಪೇರಿಯ ಕಸುಬಿನವರು. ಸಿಂಧನೂರು, ಮಸ್ಕಿಗಳಿಂದಲೂ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಕೊನೆಯ ಐದು ವರ್ಷ ಗೌಸ್‌ಸಾಬರ ಕಣ್ಣಿಗೆ ಪೊರೆ ಬಂದಾಗ, ಅವರು ಮುಂದೆ ಕುಳಿತು ಗಿರಾಕಿಗಳೊಡನೆ ಮಾತಾಡುತ್ತಿದ್ದರು. ಪರದೆಯ ಹಿಂದೆ ಕೆಲಸ ಮಾಡುತ್ತಿದ್ದುದು ಹೆಂಡತಿಯ ಕೈ. ಇಲ್ಲಿಯ ಸರ್ಕಾರಿ ಲೆಕ್ಕದ ಫಸಲಿ ವರ್ಷ ೧೩೪೬ರಲ್ಲಿ, ಎಂದರೆ ಎಂಟು ವರ್ಷದ ಹಿಂದೆ, ಗೌಸ್‌ಸಾಬ್ ತೀರಿಕೊಂಡರು. ಪರದೆಯ ಹಿಂದಿನ ಕೈ ನಿಲ್ಲಲಿಲ್ಲ, ಅದು ಯಾರದೆಂದು ಗಿರಾಕಿಗಳೂ ಕೇಳಲಿಲ್ಲ. ದಿನಕ್ಕೆ ಎರಡೂವರೆ ತಾಸು ಕೆಲಸ. ಅಷ್ಟರಲ್ಲಿ ಒಂದು ಜೇಬುಗಡಿಯಾರ, ಇಲ್ಲವೇ ಎರಡು ಗೋಡೆಗಡಿಯಾರ. ಎಂಟು ವರ್ಷಗಳಲ್ಲಿ ಎಷ್ಟಾದವೆಂದು ಕೇಳಿದರೆ ನಗುತ್ತಾರೆ: "ರೊಟ್ಟಿ ಬಡಿದದ್ದು ಯಾರು ಎಣಿಸ್ತಾರ್ರೀ?"

ಘಡಿಸಾಜರಲ್ಲಿ ಒಂದು ಪದ್ಧತಿಯಿದೆ. ರಿಪೇರಿ ಮುಗಿದ ಮೇಲೆ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಮ್ಮ ಗುರುತನ್ನೂ ವರ್ಷವನ್ನೂ ಗೀಚುತ್ತಾರೆ. ಗಡಿಯಾರದ ಒಡೆಯನಿಗೆ ಅದು ಕಾಣುವುದಿಲ್ಲ. ಮುಂದೆಂದೋ ಅದನ್ನು ತೆರೆಯುವ ಇನ್ನೊಬ್ಬ ಕಸುಬುದಾರನಿಗೆ ಮಾತ್ರ ಕಾಣುತ್ತದೆ. ಗೌಸ್‌ಸಾಬರ ಗುರುತು ಅವರ ಹೆಸರಿನ ಮೊದಲಕ್ಷರ, ಉರ್ದುವಿನ ಗೈನ್. ಪತಿ ಸತ್ತ ಮೇಲೂ ಹಾಜಿರಾಬೀ ಅದೇ ಅಕ್ಷರವನ್ನು ಗೀಚುತ್ತ ಬಂದರು, ಕೆಳಗೆ ಆಯಾ ವರ್ಷವನ್ನು ಬರೆಯುತ್ತ ಬಂದರು. ಆಪತ್ತು ಬಂದದ್ದು ಅಲ್ಲಿಂದ.

ನಾಲ್ಕು ವರ್ಷದ ಹಿಂದೆ ಈ ಅಂಗಡಿಯಲ್ಲೇ ರಿಪೇರಿಯಾಗಿದ್ದ ಮಾಲಿಪಾಟೀಲರ ಗಡಿಯಾರ ಈಚೆಗೆ ಮತ್ತೆ ನಿಂತಾಗ ಅವರು ಅದನ್ನು ದೂರದ ಪಟ್ಟಣದ ವ್ಯಾಪಾರಿಯೊಬ್ಬನಿಗೆ ತೋರಿಸಿದರು. ಅವನು ಮುಚ್ಚಳ ತೆರೆದು ಗುರುತನ್ನು ಓದಿದ: ಗೈನ್, ೧೩೫೦. ಗೌಸ್‌ಸಾಬ್ ಅದಕ್ಕೆ ನಾಲ್ಕು ವರ್ಷ ಮೊದಲೇ ಮಣ್ಣಾದುದು ಅವನಿಗೆ ಗೊತ್ತಿತ್ತು. ಯಾರೋ ಕಳ್ಳಗುರುತು ಹಾಕಿದ್ದಾರೆ, ಒಳಗಿನ ಒಳ್ಳೆಯ ಚಕ್ರಗಳನ್ನು ಬದಲಿಸಿದ್ದರೂ ಬದಲಿಸಿರಬಹುದು ಎಂದುಬಿಟ್ಟ. ಕಳೆದ ಶುಕ್ರವಾರ ವಿರೂಪಾಕ್ಷಪ್ಪನವರು ಇದೇ ಹೊಸ್ತಿಲ ಮೇಲೆ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದರು: "ಏನಬೇ, ಸತ್ತಾವ ಗೋರಿಯಿಂದ ಎದ್ದು ಬಂದು ರಿಪೇರಿ ಮಾಡಿ ಹೋದನೇನು?"

ಮಾತು ಮಸ್ಕಿ ದಾಟಿ ಸಿಂಧನೂರಿನ ಸಂತೆಗೂ ತಲುಪಿತು. ಅಂಗಡಿಯಲ್ಲಿದ್ದ ಹದಿನಾಲ್ಕು ಗಡಿಯಾರಗಳಲ್ಲಿ ಒಂಬತ್ತನ್ನು ಒಡೆಯರು ಬಂದು ಒಯ್ದರು, ಕೆಲವನ್ನು ಬಿಚ್ಚಿದ್ದು ಬಿಚ್ಚಿದಂತೆಯೇ, ಕರವಸ್ತ್ರದಲ್ಲಿ ಕಟ್ಟಿಕೊಂಡು.

"ಸುಳ್ಳು ಗೀಚಾಕತ್ತೀನಿ ಅಂತ ನನಗ ಒಂದಿನಾನೂ ಅನಿಸಿಲ್ರೀ" ಎನ್ನುತ್ತಾರೆ ಹಾಜಿರಾಬೀ. "ಕೆಲಸ ಅವರು ಕಲಿಸಿದ್ದು, ಚಿಮಟ ಅವರದು, ಅಂಗಡಿ ಅವರದು. ಗುರುತು ಒಂದ ನಂದು ಅಂತ ಹೆಂಗ ಕೆತ್ತಲಿ? ಆದ್ರ ಓದಿದಾವಗ ಅದು ಸುಳ್ಳ ಆತು. ತಪ್ಪು ನಂದ."

ಆ ಶುಕ್ರವಾರವೇ ಅವರು ಪರದೆಯ ಹಿಂದಿನಿಂದ ಮಾಲಿಪಾಟೀಲರಿಗೆ ಹೇಳಿದರು: ಕೆಲಸ ಮಾಡಿದ್ದು ನಾನು, ಗಡಿಯಾರ ಬಿಟ್ಟುಹೋಗಿ, ಎಂಟನೆಯ ದಿನ ನಿಮ್ಮ ಮುಂದೆಯೇ ಕೂಡಿಸಿ ನಡೆಸಿ ತೋರಿಸುತ್ತೇನೆ. ಮುರಿದಿದ್ದುದು ತೂಗುಚಕ್ರದ ಇರಸು. ಗಂಟೆಗೆ ಹದಿನೆಂಟು ಸಾವಿರ ಸಲ ಅತ್ತಿತ್ತ ತೂಗುವ ಚಕ್ರವನ್ನು ಹೊರುವ ಉಕ್ಕಿನ ಕಡ್ಡಿ ಅದು. ಅದರ ತುದಿಗಳು ತಲೆಗೂದಲಿನಷ್ಟು ಸಣ್ಣ. ಅಂಥದು ಇಲ್ಲಿ ಕೊಳ್ಳಲು ಸಿಗದು. ದಪ್ಪ ಸೂಜಿಯೊಂದನ್ನು ಕಾಯಿಸಿ ಮೆತ್ತಗೆ ಮಾಡಿ, ಕುದುರೆಗೂದಲ ಹೆದೆಯ ಪುಟ್ಟ ಬಿಲ್ಲಿನಿಂದ ತಿರುಗಿಸುತ್ತ, ಕೂದಲು ಕೂದಲಾಗಿ ಹೆರೆಯಬೇಕು. ಮೂರು ಇರಸುಗಳು ಮುರಿದವು. ನಾಲ್ಕನೆಯದನ್ನು ಪಕ್ಕದ ಪತ್ತಾರರ ಮನೆಯ ಕನಕಮ್ಮ ತನ್ನ ಅಗ್ಗಿಷ್ಟಿಕೆಯಲ್ಲಿ ಹದಗೊಳಿಸಿಕೊಟ್ಟಳು, ನವಿಲುಗೊರಳಿನ ನೀಲಿ ಬರುವ ತನಕ. ಬಂಗಾರದ ಕೆಲಸ ಬಲ್ಲ ಈ ಮೂವತ್ತರ ಹೆಣ್ಣುಮಗಳು ಎರಡು ವರ್ಷದಿಂದ ಇಲ್ಲಿ ಕಲಿಯುತ್ತಿದ್ದಾಳೆ.

ಹಾಜಿರಾಬೀಯನ್ನು ಅವಳು ಕರೆಯುವುದು ಬೂಬಮ್ಮ ಎಂದು. ಈಗ ಕನಕಮ್ಮ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಾಳೆ. "ಹೊತ್ತು ಮೂಡ್ತು, ಬೂಬಮ್ಮ. ಗೌಡ್ರು ಇಳಕೊಂಡ ಮನ್ಯಾಗ ಇನ್ನಾ ಲಿಂಗಪೂಜಿಗೆ ಕುಂತಾರಂತ."

"ದೇವರ ಮುಂದ ಕುಂತಾರ, ಏಳು ಅನ್ನಾಕ ಬರತೈತೇನು?"

ಸೂರ್ಯ ಎರಡು ಮಾರು ಏರುವ ಹೊತ್ತಿಗೆ ವಿರೂಪಾಕ್ಷಪ್ಪನವರು ಬರುತ್ತಾರೆ, ವಿಭೂತಿ ಧರಿಸಿ, ಹಿಂದೆ ಆರೇಳು ಜನರನ್ನು ಕಟ್ಟಿಕೊಂಡು. ಅವರೊಡನೆ ಗಾಳಿಯೂ ಬರುತ್ತದೆ. ಓಣಿಯ ತುದಿಯಲ್ಲಿ ಮೊದಲ ಧೂಳು ಏಳುವುದು ಎಲ್ಲರಿಗೂ ಕಾಣುತ್ತದೆ.

"ಗಾಳಿ ಎದ್ದೈತ್ರಿ, ಗೌಡ್ರ. ನಾಳೆ ನಸುಕಿನ್ಯಾಗ ಬರ್ರಿ" ಎನ್ನುತ್ತಾರೆ ಹಾಜಿರಾಬೀ.

"ಇವತ್ತು ಗಾಳಿ, ನಾಳೆ ಮಳಿ. ನಾ ಇವತ್ತ ಊರಿಗೆ ಹೋಗಾಂವ. ಆಗಂಗಿಲ್ಲಂದ್ರ ಹಂಗ ಕಟ್ಟಿಕೊಡು, ಪಟ್ಟಣದಾವಗ ಕೊಡತೀನಿ."

ಬಂದವರಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಒಲ್ಲೆನೆಂದರೆ ನೆಪವೆನ್ನುತ್ತಾರೆ, ಒಪ್ಪಿದಾಗ ಒಂದು ಕಣ ಮಣ್ಣು ಒಳಹೊಕ್ಕರೆ ಕೈಗುಣವೇ ಇಷ್ಟೆನ್ನುತ್ತಾರೆ. ಹಾಜಿರಾಬೀ ಕಂದೀಲು ಹಚ್ಚುತ್ತಾರೆ. ಆಮೇಲೆ ಅವರ ಅಪ್ಪಣೆಗಳು ಒಂದರ ಹಿಂದೊಂದು ಬರುತ್ತವೆ: ಎಲ್ಲರೂ ಒಳಗೆ ಬಂದು ಕೂಡಬೇಕು, ಕೂತವರು ಏಳಬಾರದು, ಬಾಗಿಲು ಮುಚ್ಚಬೇಕು, ಕಿಟಕಿಗೆ ಒದ್ದೆ ಕಂಬಳಿ ಬೀಳಬೇಕು. ಕಿಟಕಿಗೆ ಒಂದೇ ಮೊಳೆ. ಕಂಬಳಿಯ ಇನ್ನೊಂದು ಮೂಲೆಯನ್ನು ಯಾರಾದರೂ ಹಿಡಿದು ನಿಲ್ಲಬೇಕು.

"ಗೌಡ್ರ, ನೀವ ಎತ್ತರ ಅದೀರಿ."

ಮಾಲಿಪಾಟೀಲರು ಒಂದು ಕ್ಷಣ ಅನುಮಾನಿಸಿ, ಕೈ ಮೇಲೆತ್ತಿ ಕಂಬಳಿ ಹಿಡಿಯುತ್ತಾರೆ. ನೀರು ಅವರ ಅಂಗಿಯ ತೋಳಿನೊಳಗೆ ಇಳಿಯುತ್ತದೆ. "ಪರದೆ ಎತ್ತಬೇಕು ಮತ್ತ. ಮಾಡಾವರು ಯಾರು ಅಂತ ಕಾಣಬೇಕು" ಎನ್ನುತ್ತಾರೆ.

ಬಿದಿರಿನ ಪರದೆ ಒಂದು ಗೇಣು ಮೇಲೇಳುತ್ತದೆ, ಅಷ್ಟೇ. ಕಂದೀಲಿನ ಬೆಳಕಿನಲ್ಲಿ ಎರಡು ಕೈಗಳು ಕಾಣುತ್ತವೆ.

"ಕೈ ನೋಡ್ರಿ. ಮಾರಿ ರಿಪೇರಿ ಮಾಡಂಗಿಲ್ಲ."

ಈ ಸಲ ನಕ್ಕವಳು ಕನಕಮ್ಮ ಒಬ್ಬಳೇ. ಚಿಮಟ ತೂಗುಚಕ್ರವನ್ನು ಎತ್ತುತ್ತದೆ. ಅದರಡಿ ಕೂದಲೆಳೆಯ ಸುರುಳಿಕಮಾನು ನಡುಗುತ್ತದೆ. ಇರಸಿನ ಕೆಳತುದಿ ಕೆಂಪುಹರಳಿನ ರಂಧ್ರಕ್ಕೆ ಇಳಿಯಬೇಕು. ಅದು ಇಳಿಯುವ ಮೊದಲೇ ಮೇಲಿನ ಪಟ್ಟಿಯನ್ನು ಒತ್ತಿದರೆ ತುದಿ ಮುರಿಯುತ್ತದೆ. ಮೊದಲ ಸಲ ಅದು ಕೂಡುವುದಿಲ್ಲ. ಕೈ ಅದನ್ನು ಮತ್ತೆ ಎತ್ತುತ್ತದೆ, ಕಾಯುತ್ತದೆ. ಹೊರಗೆ ಗಾಳಿ ಬಾಗಿಲನ್ನು ತಳ್ಳುತ್ತಿದೆ. ಕೂತವರಲ್ಲಿ ಒಬ್ಬರಿಗೆ ಕೆಮ್ಮು ಬಂದು, ತಲೆಗೆ ಸುತ್ತಿದ ಪಟಗದ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಕಂಬಳಿಯ ಮೂಲೆ ಕೊಂಚ ಜಗ್ಗುತ್ತದೆ.

"ಬಿಡಬ್ಯಾಡ್ರಿ, ಗೌಡ್ರ."

"ಹಿಡದೀನಿ. ನೀ ಮಾಡು."

ಎರಡನೆಯ ಸಲ ಪಟ್ಟಿ ಕೂಡುತ್ತದೆ. ತಿರುಪು ಅರ್ಧ ಸುತ್ತು, ಇನ್ನರ್ಧ ಸುತ್ತು. ಚಕ್ರ ಅಲುಗುವುದಿಲ್ಲ. ಹಾಜಿರಾಬೀ ಗಡಿಯಾರವನ್ನು ಅಂಗೈಯಲ್ಲಿಟ್ಟು, ಮಣಿಕಟ್ಟನ್ನು ತುಸುವೇ ತಿರುವುತ್ತಾರೆ. ಚಕ್ರ ಒಮ್ಮೆ ಹೊರಳುತ್ತದೆ, ಮರಳುತ್ತದೆ, ಮತ್ತೆ ನಿಲ್ಲದು. ಮುಚ್ಚಳ ಬಿದ್ದ ಮೇಲೆಯೂ ಮುಚ್ಚಿದ ಕೋಣೆಯಲ್ಲಿ ಅದರ ಸಪ್ಪಳ ಎಲ್ಲರಿಗೂ ಕೇಳುತ್ತದೆ.

ಕಂಬಳಿ ಇಳಿಸಿದ ವಿರೂಪಾಕ್ಷಪ್ಪನವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿ ಗಡಿಯಾರಕ್ಕೆ ಚಾಚುತ್ತಾರೆ. ಹಾಜಿರಾಬೀ ಕೊಡುವುದಿಲ್ಲ.

"ಬಡಿಯೂದು ಬ್ಯಾರೆ, ನಡಿಯೂದು ಬ್ಯಾರೆ. ಎರಡು ದಿನ ಅಂಗಾತ, ಎರಡು ದಿನ ಬೋರಲ, ನಾಕು ದಿನ ನಿಂದ್ರಿಸಿ ನೋಡಬೇಕು. ಎಂಟು ದಿನ ಸರಿ ನಡೀತಂದ್ರ ನಿಮ್ಮದು."

ವಿರೂಪಾಕ್ಷಪ್ಪನವರು ಪರದೆಯಡಿಯ ಕೈಗಳನ್ನು ನೋಡುತ್ತ ನಿಲ್ಲುತ್ತಾರೆ. ಆಮೇಲೆ ಅವರ ಮಾತಿನ ಧಾಟಿ ಬದಲಾಗುತ್ತದೆ: "ಆತು, ತಾಯಿ. ಇರ್ಲಿ. ಆದ್ರ ಈ ಸಲ ನಿಮ್ಮ ಗುರುತ ಹಾಕ್ರಿ. ನಾ ಕಣ್ಣಾರೆ ಕಂಡೀನಿ, ಯಾರು ಕೇಳಿದ್ರೂ ಹೇಳತೀನಿ."

ಅವರು ಹೊರಟ ಮೇಲೆ ಜನ ಚದುರುತ್ತಾರೆ. ಮಸ್ಕಿಯ ಹುಸೇನಪ್ಪ ಮಾತ್ರ ಹಿಂದುಳಿದು, ಮೊನ್ನೆ ಒಯ್ದಿದ್ದ ತನ್ನ ಗಡಿಯಾರವನ್ನು ಕರವಸ್ತ್ರದ ಗಂಟಿನೊಡನೆ ಮಣೆಯ ಅಂಚಿಗಿಟ್ಟು, ತಲೆ ತಗ್ಗಿಸಿ ಹೋಗುತ್ತಾನೆ. ಒಂಬತ್ತರಲ್ಲಿ ಒಂದು ಮರಳಿದೆ. ಉಳಿದ ಎಂಟು ಬರುತ್ತವೆಯೋ ಇಲ್ಲವೋ ಹೇಳಲಾಗದು.

"ಬೂಬಮ್ಮ, ನಿಮ್ಮ ಯಾವ ಅಕ್ಷರ ಗೀಚತೀರಿ?" ಕನಕಮ್ಮನಿಗೆ ತಡೆಯಲಾಗುತ್ತಿಲ್ಲ.

"ಎಂಟು ದಿನ ತಡಿ ಮೊದಲ. ಕೂಸು ಹುಟ್ಟೂಕ ಮೊದಲ ಕುಲಾಯಿ ಹೊಲಿಬ್ಯಾಡ" ಎಂದು ಹಾಜಿರಾಬೀ ಚಿಮಟ ಒರೆಸುತ್ತಾರೆ. ಏನನ್ನು ಬಯಸುತ್ತೀರಿ ಎಂದು ಕೇಳಿದವರಿಗೆ, ಒರೆಸಿದ ಚಿಮಟವನ್ನು ಕೆಳಗಿಟ್ಟು ಹೇಳುತ್ತಾರೆ: "ಈ ಘಡಿ ನನಗಿಂತ ಹೆಚ್ಚು ದಿನ ಬಾಳತೈತ್ರಿ. ಮುಂದ ಯಾವ ಊರಾಗೋ ಯಾವ ಘಡಿಸಾಜನೋ ಮುಚ್ಚಳ ತೆಗೀತಾನ. ನನ್ನ ಹೆಸರು ಅವಗ ತಿಳೀದಿದ್ರೂ ನಡೀತೈತಿ. ಒಳಗಿನ ಕೆಲಸ ನೋಡಿ ಬೈಲಿಲ್ಲ, ಸುಮ್ಮನ ಮುಚ್ಚಿದ ಅಂದ್ರ ನನಗ ಸಾಕು."