ಎರಡು ರೊಟ್ಟಿಯ ಚೀಟಿ

೨೦೨೨ರಲ್ಲಿ ನಾನು ಮುಂಡರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೆ. ಯಾರು ಏನನ್ನು ಎಷ್ಟು ತಿನ್ನಬೇಕೆಂದು ಬರೆದುಕೊಡುವುದು ನನ್ನ ಕೆಲಸ. ಬೇಕರಿ ತಿನಿಸು ಬಿಡಿಸಿ ಜನರನ್ನು ಮತ್ತೆ ಜೋಳ, ಕಾಳು, ಸೊಪ್ಪಿಗೆ ತರುತ್ತೇನೆಂಬ ಜಂಬವೂ ಆಗ ಸಾಕಷ್ಟಿತ್ತು.

ಆ ಜೂನ್‌ನಲ್ಲಿ ನೀಲವ್ವ ಎಂಬಾಕೆ ಸೊಸೆ ಮಂಜುಳಾಳನ್ನು ಕರೆತಂದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿರಲಿಲ್ಲ. ತೂಕ ಇಳಿದರೆ ಗರ್ಭ ನಿಲ್ಲಬಹುದೆಂದು ವೈದ್ಯರು ನನ್ನ ಬಳಿ ಕಳಿಸಿದ್ದರು. ತೂಕ ಎಪ್ಪತ್ತೆಂಟು ಕಿಲೋ. ದೀಪಾವಳಿಯೊಳಗೆ ಇಳಿಯದಿದ್ದರೆ ಇವಳನ್ನು ತವರಿಗೆ ಕಳಿಸಿ ಮಗನಿಗೆ ಬೇರೆ ಹೆಣ್ಣು ತರುವುದಾಗಿ ನೀಲವ್ವ ಸೊಸೆಯ ಎದುರಿಗೇ ಹೇಳಿದಳು. ನಾನು ಬರೆದೆ: ಹೊತ್ತಿಗೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ.

ಮುಂದಿನ ತಿಂಗಳು ಐದು ಕಿಲೋ ಇಳಿದಿತ್ತು. ಭೇಷ್ ಎಂದು ಬೆನ್ನು ತಟ್ಟಿದೆ. ಅದರ ಮುಂದಿನ ತಿಂಗಳು ಮತ್ತೆ ಆರು. ಇಷ್ಟು ಬೇಗ ಇಳಿಯಬಾರದೆಂದು ಓದಿದವಳು ನಾನು. ಆದರೂ ಹೊರಗೆ ಕೂತವರಿಗೆಲ್ಲ ಅವಳನ್ನು ತೋರಿಸಿ ಹೊಗಳಿದೆ. ಮಂಜುಳಾ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆಯೆಂದುಕೊಂಡೆ.

ಮೂರನೇ ತಿಂಗಳು ತೂಕದ ಯಂತ್ರದ ಮೇಲೆಯೇ ಕುಸಿದಳು. ಡ್ರಿಪ್ ಹಾಕಿಸಿ, ಅತ್ತೆಯನ್ನು ಹೊರಗೆ ಕಳಿಸಿ, ಏನು ತಿನ್ನುತ್ತೀ ಎಂದು ಮೊದಲ ಬಾರಿಗೆ ಅವಳನ್ನೇ ಕೇಳಿದೆ. ನನ್ನ ಮನಸ್ಸಿನಲ್ಲಿದ್ದದ್ದು ಹಂಚಿನಿಂದ ಇಳಿದ ದಪ್ಪ ಬಿಸಿ ರೊಟ್ಟಿ. ನೀಲವ್ವ ಕೊಟ್ಟದ್ದು ವಾರಗಟ್ಟಲೆ ಇಡಲು ಒಣಗಿಸಿದ, ಹಪ್ಪಳದಷ್ಟು ತೆಳುವಾದ ಖಡಕ್ ರೊಟ್ಟಿ. ಪಲ್ಯ ಬೇರೆಯವರ ತಟ್ಟೆಗೇ ಮುಗಿಯುತ್ತಿತ್ತಂತೆ. ಹಸಿವಿಗೆ ಮುಟ್ಟೂ ನಿಂತುಹೋಗಿತ್ತು.

"ಅಕ್ಕಾರ, ಇವತ್ತರ ಭೇಷ್ ಅನಬ್ಯಾಡ್ರಿ" ಎಂದಳು. "ನೀವು ಒಂದ್ಸಲ ಭೇಷ್ ಅಂದ್ರ ಮನ್ಯಾಗ ನನಗ ಅರ್ಧ ರೊಟ್ಟಿ ಕಡಿಮಿ ಆಗತೈತ್ರಿ."

ನೀಲವ್ವನನ್ನು ಕರೆದು ಬಾಯಿಗೆ ಬಂದಂತೆ ಬೈದೆ. ಆಕೆ ಚೀಟಿ ಮುಂದೆ ಹಿಡಿದಳು. "ಎರಡು ರೊಟ್ಟಿ ಅಂತ ನೀವ ಬರದೀರಿ. ಎಂಥಾ ರೊಟ್ಟಿ ಅಂತ ಎಲ್ಲಿ ಬರದೀರಿ?"

ಹೊಸ ಚೀಟಿ ಬರೆದುಕೊಟ್ಟೆ. ಅವರು ಮತ್ತೆ ಬರಲಿಲ್ಲ.

ಮರುವರ್ಷ ನೀಲವ್ವ ಹೊಸ ಸೊಸೆಯೊಂದಿಗೆ ಬಂದಳು. ಮಂಜುಳಾ ತವರಿನಲ್ಲಿದ್ದಾಳಂತೆ. "ಈಕಿಗೂ ಆ ಮೊದಲಿನ ಚೀಟಿನ ಬರದ್ ಕೊಡ್ರಿ. ಛಲೋ ಕೆಲಸ ಮಾಡತೈತಿ" ಎಂದಳು.

ನಾನು ಪೆನ್ನು ಮುಟ್ಟಲಿಲ್ಲ. ನೀಲವ್ವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ನಿನಗೆ ಬಡಿಸುವವರು ಯಾರವ್ವಾ ಎಂದು ಆ ಹುಡುಗಿಯನ್ನು ಕೇಳಿದೆ. ಏನು ತಿನ್ನಬೇಕೆಂದು ಹೇಳುವ ಮೊದಲು ಕೇಳಬೇಕಾದ ಪ್ರಶ್ನೆ ಅದು. ಅದನ್ನು ಕಲಿತದ್ದು ನಾನು, ಕಳೆದುಕೊಂಡದ್ದು ಮಂಜುಳಾ.